ಮನದ ಅಳಲಿಗೆ ಕೈಯ ಆಸರೆ



ಜ್ವರ ಬಂದವನನ್ನು ಊರೆಲ್ಲ ವಿಚಾರಿಸುತ್ತದೆ. ಕಾಲು ಮುರಿದವನ ಮನೆಗೆ ನೆಂಟರು ಹಣ್ಣು ಹಿಡಿದು ಬರುತ್ತಾರೆ. ಮನಸ್ಸು ಕುಸಿದವನನ್ನು ವಿಚಾರಿಸುವವರು ಮಾತ್ರ ವಿರಳ. ವಿಚಾರಿಸಿದರೂ ಉತ್ತರಿಸಲು ಅವನಿಗೆ ಮಾತು ದೊರೆಯುವುದಿಲ್ಲ. "ಏನಿಲ್ಲ, ಹೀಗೇ" ಎಂದು ವರ್ಷಗಳ ಸಂಕಟವನ್ನು ಅಲ್ಲಿಗೇ ಮುಚ್ಚಿಬಿಡುತ್ತಾನೆ. ಹಾಗೆ ಮಾತಿಗೆ ಸಿಕ್ಕದ ಸಂಕಟಕ್ಕೆ ಬಣ್ಣದ ಮೂಲಕ, ಹಾಡಿನ ಮೂಲಕ, ಕೈಯ ಕೆಲಸದ ಮೂಲಕ ದೊರೆಯಬಹುದಾದ ಬಿಡುಗಡೆಯ ಕುರಿತು ಈ ಸಂಚಿಕೆಯಲ್ಲಿ ವಿಚಾರ ಮಾಡಬಯಸುತ್ತೇವೆ. ನಮ್ಮ ಕಣ್ಣೆದುರಿಗಿರುವುದು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಆ ಎರಡು ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಈಚೆಗೆ ರಚಿತವಾದ ಕಡಬ. ಇಲ್ಲಿ ಹೇಳುವ ಮಾತು ಎಲ್ಲಿಯ ಮನೆಗಾದರೂ ಸಲ್ಲುತ್ತದೆ.

ತೋಟದ ನಡುವಿನ ಒಂಟಿ ಮನೆ

ಬಯಲುಸೀಮೆಯ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಸಂಜೆ ಕಟ್ಟೆಯ ಮೇಲೆ ಕುಳಿತರೆ ಸುಖದುಃಖ ಕೇಳಲು ನಾಲ್ವರು ಸಿಕ್ಕುತ್ತಾರೆ. ಘಟ್ಟದ ಬುಡದ ಈ ಮೂರು ತಾಲ್ಲೂಕುಗಳ ಸ್ವರೂಪವೇ ಬೇರೆ. ಒಂದೊಂದು ಮನೆ ಒಂದೊಂದು ಅಡಿಕೆ ತೋಟದ ನಡುವೆ, ಗುಡ್ಡದ ಮಡಿಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಆಟಿ ತಿಂಗಳಲ್ಲಿ, ನೆರೆಮನೆಗೆ ಹೋಗಿಬರುವುದೂ ಒಂದು ಸಾಹಸವೇ. ತೋಟಕ್ಕೆ ಕೊಳೆರೋಗ ಬಂದರೆ, ಹಳದಿ ಎಲೆ ರೋಗ ತಗುಲಿದರೆ, ಎಲೆಚುಕ್ಕಿ ಹರಡಿದರೆ ಯಜಮಾನ ಅದನ್ನು ಒಳಗೊಳಗೇ ನುಂಗಿಕೊಳ್ಳುತ್ತಾನೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ನೆಲೆಸಿದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು ಮಾತ್ರ ಉಳಿಯುತ್ತಾರೆ.

ಡಾ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ 'ಬೆಟ್ಟದ ಜೀವ' ಕಾದಂಬರಿಯ ಲೋಕ ಇದೇ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದ ಅತಿಥಿಯೊಬ್ಬ ಗೋಪಾಲಯ್ಯನವರ ಮನೆ ಸೇರುತ್ತಾನೆ. ಕಾಡನ್ನು ತೋಟವಾಗಿಸಿದ, ಬಾಯ್ತುಂಬ ನಗುವ ಆ ಹಿರಿಯರ ಎದೆಯಲ್ಲಿ ಮನೆಬಿಟ್ಟು ಹೋದ ಮಗನ ನೋವು ಹುದುಗಿದೆ. ಪತ್ನಿ ಶಂಕರಮ್ಮನವರಿಗೂ ಅದೇ ನೋವು. ಹಗಲೆಲ್ಲ ದುಡಿದರೂ ಅದು ಕರಗಲಿಲ್ಲ. ಅದು ಹೊರಬೀಳುವುದು ಅತಿಥಿಯ ಎದುರಿನಲ್ಲಿ. ಕೇಳುವ ಕಿವಿಯೊಂದು ಬಂದಾಗ ಮಾತ್ರ ಆ ಮನೆಯ ಮೌನ ಒಡೆಯಿತು. ಪ್ರತಿ ಮನೆಗೂ ಅಂಥ ಅತಿಥಿ ದಾರಿತಪ್ಪಿ ಬರುವನೇ? ಬಾರದಿದ್ದಾಗ ಮನುಷ್ಯ ತನ್ನ ನೋವನ್ನು ಯಾರ ಮುಂದೆ, ಯಾವುದರ ಮುಂದೆ ಇಡಬೇಕು?

ಗದ್ದೆಯೊಂದಿಗೆ ಹೋದ ಹಾಡು

ಹಿಂದಿನವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ತುಳುನಾಡಿನ ಹೆಂಗಸರು ನೇಜಿ ನೆಡುವಾಗ ಪಾಡ್ದನ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಡುವಳು, ಉಳಿದವರು ದನಿಗೂಡಿಸುವರು. ಆ ಹಾಡುಗಳಲ್ಲಿ ಅನ್ಯಾಯಕ್ಕೊಳಗಾದ ಹೆಣ್ಣುಮಕ್ಕಳ ಕಥೆಗಳಿವೆ. ಗಂಡನ ದುರ್ನಡತೆಯನ್ನು ಸಹಿಸದೆ ಮನೆ ತೊರೆದು ಹೊರಟ ಸಿರಿಯ ಕಥೆಯಿದೆ. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,000 ಸಾಲುಗಳನ್ನೂ ಮೀರಿದೆ. ಮೊಣಕಾಲುದ್ದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಿಂತವಳು ಸಿರಿಯ ಹೆಸರಿನಲ್ಲಿ ತನ್ನ ಅಳಲನ್ನೂ ಹಾಡಿಕೊಳ್ಳಬಹುದಾಗಿತ್ತು. ಯಾರೂ ಆಕೆಯನ್ನು "ನಿನಗೇನಾಗಿದೆ?" ಎಂದು ಕೇಳಬೇಕಾಗಿರಲಿಲ್ಲ. ಆಕೆಯೂ ತನ್ನ ಮನೆಯ ಗುಟ್ಟನ್ನು ಬಿಚ್ಚಬೇಕಾಗಿರಲಿಲ್ಲ. ಕಥೆ ಸಿರಿಯದು, ಕಣ್ಣೀರು ತನ್ನದು.

ಇಂದು ಆ ಗದ್ದೆಗಳು ಬಹುಪಾಲು ಅಡಿಕೆ ತೋಟಗಳಾಗಿವೆ, ರಬ್ಬರ್ ತೋಟಗಳಾಗಿವೆ. ಗದ್ದೆ ಹೋದಾಗ ಅಕ್ಕಿ ಹೋಯಿತೆಂದು ಎಲ್ಲರೂ ಲೆಕ್ಕ ಹಾಕಿದರು. ಅದರೊಂದಿಗೆ ಹೆಂಗಸರು ಒಟ್ಟಾಗಿ ಹಾಡುವ ಒಂದು ಸ್ಥಳವೂ ಹೋಯಿತೆಂಬುದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ರಬ್ಬರ್ ಹಾಲು ತೆಗೆಯುವ ಕೆಲಸ ನಸುಕಿನಲ್ಲಿ ಒಬ್ಬೊಬ್ಬರೇ ಮಾಡುವಂಥದ್ದು, ಅಲ್ಲಿ ದನಿಗೂಡಿಸುವವರಿಲ್ಲ. ಪಾಡ್ದನಗಳು ಪುಸ್ತಕಗಳಲ್ಲಿ ಉಳಿದಿವೆ. ಹಾಡಿ ಹಗುರಾಗುತ್ತಿದ್ದ ರೂಢಿ ಮರೆಯಾಗುತ್ತಿದೆ.

ಇದನ್ನು ಕೇಳಿ, "ಈ ಸೀಮೆಯಲ್ಲಿ ಕಲೆಗೆ ಏನು ಬಡತನ?" ಎಂದು ಯಾರಾದರೂ ಆಕ್ಷೇಪಿಸಬಹುದು. ಬಡತನವಿಲ್ಲ ನಿಜ. ಯಕ್ಷಗಾನ, ತಾಳಮದ್ದಳೆ, ಭಜನೆ, ಚಿತ್ರಸ್ಪರ್ಧೆ, ಪ್ರತಿಭಾ ಕಾರಂಜಿ ಎಲ್ಲವೂ ಇವೆ. ಆದರೆ ಇವುಗಳಲ್ಲಿ ಹೆಚ್ಚಿನವು ವೇದಿಕೆಯ ಕಲೆಗಳು. ಕೆಲವರು ಮಾಡುತ್ತಾರೆ, ಹಲವರು ನೋಡುತ್ತಾರೆ. ಮಕ್ಕಳ ಚಿತ್ರಕ್ಕೆ ಅಂಕ ಬೀಳುತ್ತದೆ, ಹಾಡಿಗೆ ಬಹುಮಾನ ಬರುತ್ತದೆ. ಹತ್ತನೆಯ ವಯಸ್ಸಿನಲ್ಲಿ ಬಹುಮಾನ ಬಾರದ ಮಗು "ನನಗೆ ಚಿತ್ರ ಬರುವುದಿಲ್ಲ" ಎಂದು ನಂಬಿ ಪೆನ್ಸಿಲು ಕೆಳಗಿಟ್ಟರೆ ಎಪ್ಪತ್ತಾದರೂ ಅದನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ. ವೇದಿಕೆಯ ಕಲೆಯನ್ನು ನಾವು ಕಡಿಮೆಯೆಂದು ಎಣಿಸುವುದಿಲ್ಲ. ಅದರ ಪಕ್ಕದಲ್ಲಿ ಬಹುಮಾನವಿಲ್ಲದ, ಪ್ರೇಕ್ಷಕರಿಲ್ಲದ, ತನಗಾಗಿ ಮಾಡಿಕೊಳ್ಳುವ ಕಲೆಗೂ ಒಂದು ಮಣೆ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಪುತ್ತೂರಿಗೆ ಇದು ಹೊಸ ಮಾತಲ್ಲ. ಬಾಳಿನ ದೀರ್ಘ ಭಾಗವನ್ನು ಪುತ್ತೂರಿನಲ್ಲಿ ಕಳೆದ ಕಾರಂತರು ಪರ್ಲಡ್ಕದ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದಾಗ ಆಟ, ನಾಟಕ, ಕುಣಿತಗಳನ್ನು ಕಲಿಕೆಯ ಭಾಗವಾಗಿಸಿದರು. ಮುಂದೆ ಯಕ್ಷಗಾನವನ್ನು ಪ್ರಯೋಗಕ್ಕೆ ಒಳಪಡಿಸಿ, ಮಾತನ್ನು ಬಹುಮಟ್ಟಿಗೆ ಕೈಬಿಟ್ಟು, ರಾಗ ಮತ್ತು ನೃತ್ಯಗಳಿಂದಲೇ ಭಾವವನ್ನು ಮುಟ್ಟಿಸಲು ಯತ್ನಿಸಿದರು. ಅದರ ಕುರಿತು ಕಲಾರಸಿಕರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಮಾತಿಲ್ಲದೆಯೂ ಮನುಷ್ಯನ ಒಳಗನ್ನು ತಿಳಿಸಬಹುದೆಂಬ ಅವರ ನಂಬಿಕೆ ಆರೋಗ್ಯದ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಸುಳ್ಯದಲ್ಲಿ ಜೀವನ್‌ರಾಂ ಸುಳ್ಯ ಅವರ ರಂಗಮನೆಯೂ ಮಕ್ಕಳನ್ನು ರಂಗಕ್ಕೆ ಕರೆತರುವ ಕೆಲಸವನ್ನು ಮಾಡುತ್ತಾ ಬಂದಿದೆ. ನೆಲ ಹದವಾಗಿದೆ, ಬಿತ್ತುವವರು ಬೇಕು.

ಪರೀಕ್ಷಿಸಿ ನೋಡಿದವರ ಮಾತು

ಆರೋಗ್ಯ ವಿಭಾಗದಲ್ಲಿ ಬರೆಯುವಾಗ ಭಾವನೆಯ ಮಾತಷ್ಟೇ ಸಾಲದು, ಪರೀಕ್ಷಿಸಿದವರ ಮಾತೂ ಬೇಕು. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಹಾಸಿಗೆಯ ಬಳಿಯ ವಸ್ತುಗಳನ್ನೇ ಚಿತ್ರಿಸುತ್ತಾ ಮನಸ್ಸನ್ನು ಕಾಪಾಡಿಕೊಂಡರು. ಬಳಿಕ ಜೊತೆಯ ರೋಗಿಗಳಿಗೂ ಅದನ್ನು ಕಲಿಸಿದರು. 'ಕಲಾಚಿಕಿತ್ಸೆ' ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಅವರೇ. ಆ ವಿದ್ಯೆ ಹುಟ್ಟಿದ್ದು ರೋಗಿಯ ಹಾಸಿಗೆಯ ಮೇಲೆ ಎಂಬುದನ್ನು ಗಮನಿಸಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ಕಹಿ ಘಟನೆಯನ್ನೂ ಅದರ ಭಾವವನ್ನೂ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಸಾಮಾನ್ಯ ವಿಷಯ ಬರೆದವರಿಗಿಂತ ಅವರು ವೈದ್ಯರ ಬಳಿಗೆ ಹೋದದ್ದು ಕಡಿಮೆ. ಗಾಯ ತೊಳೆಯುವಾಗ ಉರಿಯುತ್ತದೆ, ಆಮೇಲೆ ಮಾಯುತ್ತದೆ ಎಂಬ ಅನುಭವಕ್ಕೆ ಇದು ಹತ್ತಿರ.

ಅದೇ ದೇಶದಲ್ಲಿ 2016ರಲ್ಲಿ ಪ್ರಕಟವಾದ ಇನ್ನೊಂದು ಚಿಕ್ಕ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಬಣ್ಣ, ಜೇಡಿಮಣ್ಣು, ಅಂಟಿಸುವ ಕಾಗದಗಳೊಡನೆ ತಮಗೆ ತೋಚಿದ್ದನ್ನು ಮಾಡಿದರು. ಅವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲೇ ಕಲೆಯ ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ಫಲದಲ್ಲಿ ಭೇದ ಕಾಣಲಿಲ್ಲ. "ನನಗೆ ಚಿತ್ರ ಬರುವುದಿಲ್ಲ" ಎನ್ನುವವರಿಗೆ ಇದು ಸಮಾಧಾನದ ಸುದ್ದಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ರೋಗ ತಡೆಗೂ ಆರೈಕೆಗೂ ಕಲೆ ನೆರವಾಗಬಲ್ಲದೆಂದು ವರದಿ ನೀಡಿದೆ.

ಒಂದು ಕೈ ಮೇಲೆತ್ತಿ ಇನ್ನೊಂದನ್ನು ಮರೆಮಾಡುವುದು ಸಲ್ಲದು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುವ 417 ಮಂದಿಯೊಡನೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಗುಂಪು ಕಲಾಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಆದುದರಿಂದ ಕಲೆಯನ್ನು ಔಷಧಿಯ ಸ್ಥಾನದಲ್ಲಿ ಕೂರಿಸಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಬಣ್ಣದ ಡಬ್ಬಿ ತೆರೆಯಿರಿ ಎಂದು ಯಾರಾದರೂ ಹೇಳಿದರೆ ಅಂಥವರ ಮಾತನ್ನು ಕೇಳಬಾರದು. ಔಷಧಿ ಬೇಕಾದಲ್ಲಿ ಔಷಧಿ, ಮಾತು ಬೇಕಾದಲ್ಲಿ ಮಾತು. ಮಾತು ಮುಟ್ಟದಲ್ಲಿ ಕಲೆಯ ಆಸರೆ.

ಮಾತೇ ಬಾರದ ಮಕ್ಕಳು, ಮಾತು ಮರೆತ ತಾಯಂದಿರು

ಈ ಆಸರೆ ಎಲ್ಲಕ್ಕಿಂತ ಮೊದಲು ಸಲ್ಲಬೇಕಾದ ಮನೆಗಳು ಈ ಸೀಮೆಯಲ್ಲಿವೆ. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಬೆಳ್ತಂಗಡಿ, ಬಂಟ್ವಾಳಗಳೊಂದಿಗೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿಯೂ ಸರ್ಕಾರ ಎಂಡೋಸಲ್ಫಾನ್ ಬಾಧಿತರನ್ನು ಗುರುತಿಸಿದೆ. ಮಾಸಾಶನವಿದೆ, ಬೆಳ್ತಂಗಡಿಯ ಕೊಕ್ಕಡದಲ್ಲಿಯೂ ಕಡಬದ ಕೊಯಿಲದಲ್ಲಿಯೂ ಹಗಲಿನ ಪಾಲನಾ ಕೇಂದ್ರಗಳು ತೆರೆದವು. ಇವೆಲ್ಲವೂ ಹೋರಾಟದಿಂದ ದೊರೆತವು, ಅಗತ್ಯವಾದವು.

ಆದರೆ ಮಾಸಾಶನದ ಲೆಕ್ಕದಲ್ಲಿ ಸೇರದ ಒಂದು ಬಾಬತ್ತಿದೆ. ಆ ಮಕ್ಕಳಲ್ಲಿ ಕೆಲವರಿಗೆ ಮಾತು ಬಾರದು, ಕೆಲವರಿಗೆ ಕೈಕಾಲು ಸ್ವಾಧೀನವಿಲ್ಲ. ಮಗುವಾಗಿದ್ದವರು ಇಂದು ದೊಡ್ಡವರಾಗಿದ್ದಾರೆ. ಎತ್ತಿ ಮೀಯಿಸುವ ತಾಯಿಗೆ ವಯಸ್ಸಾಗಿದೆ. "ನನ್ನ ನಂತರ ಇವನಿಗೆ ಯಾರು?" ಎಂಬ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಆಕೆ ದಿನವೂ ಮಲಗುತ್ತಾಳೆ. ಮಗುವಿನ ಶುಶ್ರೂಷೆಯ ನಡುವೆ ಕುಳಿತು ಅಳುವುದಕ್ಕೂ ಆಕೆಗೆ ಬಿಡುವಿಲ್ಲ. ಸಾಂತ್ವನ ಹೇಳುವವರು ಬಂದರೆ ಅದೇ ಕಥೆಯನ್ನು ನೂರನೆಯ ಸಲ ಹೇಳಬೇಕು, ಛಾಯಾಚಿತ್ರಕ್ಕೆ ನಿಲ್ಲಬೇಕು. ಹೇಳಿ ಹೇಳಿ ಆ ಮಾತುಗಳು ಸವೆದುಹೋಗಿವೆ.

ಇಂಥ ಪಾಲನಾ ಕೇಂದ್ರಗಳಲ್ಲಿ ಬಣ್ಣ, ಮಣ್ಣು, ಡೋಲು, ತಾಳಗಳಿಗೆ ನಿತ್ಯದ ಸ್ಥಾನವಿರಬೇಕೆಂದು ನಾವು ಒತ್ತಾಯಿಸುತ್ತೇವೆ. ಬೆರಳು ಮಡಿಸಲಾಗದ ಮಗುವೂ ಅಂಗೈಯನ್ನು ಕೆಮ್ಮಣ್ಣಿಗೆ ಅದ್ದಿ ಗೋಡೆಗೊತ್ತಬಲ್ಲದು. "ಇದನ್ನು ನಾನು ಮಾಡಿದೆ" ಎಂಬ ಹಿಗ್ಗು ಆ ಮಗುವಿಗೆ ಬಾಳಿನಲ್ಲಿ ಎಷ್ಟು ಸಲ ಸಿಕ್ಕೀತು? ಹಾಗೆಯೇ ತಿಂಗಳಲ್ಲಿ ಒಂದು ದಿನವಾದರೂ ಮಕ್ಕಳನ್ನು ಬೇರೆಯವರು ನೋಡಿಕೊಂಡು, ತಾಯಂದಿರು ಒಟ್ಟಿಗೆ ಕುಳಿತು ಹಾಡುವ, ಹೊಲಿಯುವ, ಬರೆಯುವ ಏರ್ಪಾಡಾಗಬೇಕು. ಮಾರಾಟದ ಉದ್ದೇಶ ಅದಕ್ಕಿರಕೂಡದು, ಪ್ರದರ್ಶನವೂ ಬೇಡ. ಹೋದ ಗದ್ದೆಯನ್ನು ಮರಳಿ ತರಲಾರೆವು. ಗದ್ದೆಯಲ್ಲಿದ್ದ ಆ ದನಿಗೂಡಿಸುವ ಸಾಲನ್ನು ಒಂದು ಚಾವಡಿಯಲ್ಲಿ ಮರಳಿ ಕೂರಿಸಬಲ್ಲೆವು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಶಾಲೆಯ ಒಂದು ಕೋಣೆ, ಯಾವುದಾದರೂ ಸಮುದಾಯ ಭವನದ ಮೂಲೆ ಇದಕ್ಕೆ ಸಾಕು.

ಮನೆಯಲ್ಲಿ ತೊಡಗುವ ಬಗೆ

ದುಬಾರಿ ಸಾಮಗ್ರಿ ಬೇಕಿಲ್ಲ. ಒಲೆಯ ಇದ್ದಿಲು ಕಪ್ಪು, ಗುಡ್ಡದ ಕೆಮ್ಮಣ್ಣು ಕಾವಿ, ಅರಿಸಿನ ಹಳದಿ, ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಅಕ್ಕಿಹಿಟ್ಟು ಬಿಳುಪು, ಸೊಪ್ಪಿನ ಪುಡಿ ಹಸಿರು. ಇಂಥ ಬಣ್ಣಗಳಿಂದಲೇ ಈ ನಾಡಿನಲ್ಲಿ ನಾಗಮಂಡಲ ಬರೆಯುತ್ತಾರೆ. ಕಾಗದವಿಲ್ಲದಿದ್ದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೇ ಹಲಗೆ.

ದಿನಕ್ಕೆ 15ರಿಂದ 20 ನಿಮಿಷ, ಯಾರೂ ಕರೆಯದ ಹೊತ್ತನ್ನು ಆರಿಸಿಕೊಳ್ಳಿ. ಏನು ಬರೆಯಲೆಂಬ ಚಿಂತೆ ಬೇಡ. "ಇಂದಿನ ನನ್ನ ಎದೆಯ ಭಾರಕ್ಕೆ ಬಣ್ಣ ಯಾವುದು? ಅದು ಎಷ್ಟು ದೊಡ್ಡದು? ಹಗ್ಗದಂತಿದೆಯೋ, ಕಲ್ಲಿನಂತಿದೆಯೋ?" ಎಂದು ಕೇಳಿಕೊಂಡು ಕೈ ಹೋದತ್ತ ಬಿಡಿ. ಚಿತ್ರ ಒಗ್ಗದವರು ಬರೆಯಬಹುದು, ಗುನುಗಬಹುದು, ಹಿಡಿ ಮಣ್ಣನ್ನು ನಾದಬಹುದು. ಅಗಲಿದ ತಾಯಿಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವವಳೂ ಇದೇ ಕೆಲಸವನ್ನು ಮಾಡುತ್ತಿರುತ್ತಾಳೆ.

ಮಾಡಿದ್ದನ್ನು ಇಟ್ಟುಕೊಳ್ಳುವುದೂ ಹರಿದುಹಾಕುವುದೂ ಮಾಡಿದವರ ಇಚ್ಛೆ. ಬೆಳಗ್ಗೆ ಅಂಗಳದಲ್ಲಿ ಬರೆದ ರಂಗೋಲಿ ಸಂಜೆಗೆ ಅಳಿಯುತ್ತದೆಂದು ನಮ್ಮ ತಾಯಂದಿರು ಕೈಕಟ್ಟಿ ಕುಳಿತವರಲ್ಲ. ಬರೆಯುವ ಹೊತ್ತಿನಲ್ಲಿ ದೊರೆತದ್ದು ಆಗಲೇ ದೊರೆತಾಗಿರುತ್ತದೆ.

ನೋಡುವವರಿಗೂ ಒಂದು ನಿಯಮವಿದೆ. ಮಗು ಚಿತ್ರ ತಂದು ತೋರಿಸಿದಾಗ "ಇದೇನು, ಆನೆಯೋ ಹಂದಿಯೋ?" ಎಂದು ನಗಬೇಡಿ. ಕಪ್ಪು ಬಣ್ಣ ಬಳಸಿದೆಯೆಂದು ಅಪಶಕುನ ಹುಡುಕಬೇಡಿ. "ಇದರ ಕಥೆ ಹೇಳುತ್ತೀಯಾ?" ಎಂದು ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಸುಮ್ಮನಿರಿ.

ಕೆಲವು ಎಚ್ಚರಗಳೂ ಅಗತ್ಯ. ಸಾವು, ಅಪಘಾತ, ಹಿಂಸೆಗಳ ಆಘಾತ ತೀರ ಹೊಸದಾಗಿದ್ದಾಗ ಅದನ್ನೇ ಬರೆಯಲು ಯಾರನ್ನೂ ಒತ್ತಾಯಿಸಬಾರದು. ಬರೆದ ಮೇಲೆ ಸಂಕಟ ಆರದೆ ದಿನದಿನಕ್ಕೆ ಏರುತ್ತಿದ್ದರೆ ನಿಲ್ಲಿಸಬೇಕು. ಎರಡು ವಾರ ಕಳೆದರೂ ನಿದ್ದೆ, ಹಸಿವು, ಕೆಲಸಗಳಲ್ಲಿ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದಾರೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ತಲುಪಿಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಗುಡ್ಡದ ಮೇಲಿನ ಒಂಟಿ ಮನೆಯ ಗೋಡೆಗೂ ಈ ಸಂಖ್ಯೆಯನ್ನು ಬರೆದಿಡಿ.

ದುಡಿಮೆಯ ನಡುವೆ ಇದೆಲ್ಲ ಏಕೆ?

"ದುಡಿಮೆಯೇ ದೊಡ್ಡ ಮದ್ದು, ಬಣ್ಣ ಬಳಿಯುತ್ತಾ ಕೂರುವುದು ಬಿಡುವಿದ್ದವರ ಚಟ" ಎನ್ನುವ ಹಿರಿಯರಿದ್ದಾರೆ. ದುಡಿಮೆ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ, ನಿಜ. ಆದರೆ ಹನ್ನೆರಡನೆಯ ಶತಮಾನದ ಶರಣರನ್ನು ನೆನೆಯೋಣ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಅಕ್ಕಿ ಆಯ್ದ ಆಯ್ದಕ್ಕಿ ಲಕ್ಕಮ್ಮ ಕಾಯಕದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೂ ದುಡಿಮೆಯೊಂದೇ ಸಾಕೆಂದು ಅವರು ಸುಮ್ಮನಿರಲಿಲ್ಲ. ಒಳಗಿನ ತಳಮಳವನ್ನೂ ಸಿಟ್ಟನ್ನೂ ಬೆಳಕನ್ನೂ ತಮ್ಮ ಆಡುಮಾತಿನಲ್ಲಿ ವಚನವಾಗಿಸಿದರು. ಕವಿಯೆನಿಸಿಕೊಳ್ಳಲು ಅವರು ಬರೆಯಲಿಲ್ಲ. ಕಾಯಕದ ಕೈ ಮತ್ತು ಒಳಗನ್ನು ಹೇಳುವ ನಾಲಗೆ ಒಂದೇ ಮನುಷ್ಯನವು ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾರು ತೋರಿಸಿದ್ದಾರೆ?

ಬರುವ ಮಳೆಗಾಲದಲ್ಲಿ ನಿಮ್ಮ ಮನೆಯ ಹಿರಿಯರ ಕೈಗೆ, ಮಂಕಾದ ಮಗಳ ಕೈಗೆ ಒಂದು ತುಂಡು ಇದ್ದಿಲನ್ನೋ ಒಂದು ಖಾಲಿ ಪುಸ್ತಕವನ್ನೋ ಇಟ್ಟು ನೋಡಿ. ಏನು ಬರೆದರೆಂದು ಕೇಳಬೇಡಿ. ಬರೆಯಲು ಕುಳಿತವರ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಗೋಪಾಲಯ್ಯನವರ ಮನೆಗೆ ಬಂದ ಅತಿಥಿಯೂ ಬಹುಪಾಲು ಮಾಡಿದ್ದು ಅಷ್ಟನ್ನೇ.